ಚೀಟಿಯ ಔಷಧಕ್ಕೆ ಸಿಕ್ಕಿಬಿದ್ದವರು ಜಿಲ್ಲೆಯಲ್ಲಿ ಎಷ್ಟು ಮಂದಿ? ಎಣಿಸುವ ಬಗೆ

ಪ್ರಶ್ನೆ: ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಿದ್ದೇನೆ. ಟ್ರಮಡಾಲ್, ಟಪೆಂಟಡಾಲ್ ಎಂಬ ನೋವಿನ ಮಾತ್ರೆಗಳಿಗೆ ಮತ್ತು ಕೋಡೀನ್ ಇರುವ ಕೆಮ್ಮಿನ ಸಿರಪ್‌ಗೆ ಅಂಟಿಕೊಂಡ ಯುವಕರು ನಮ್ಮ ಹೊರರೋಗಿ ವಿಭಾಗಕ್ಕೆ ಬರುತ್ತಿದ್ದಾರೆ. ಚಿಕಿತ್ಸಾ ಕೇಂದ್ರಕ್ಕೆ ಪ್ರಸ್ತಾವ ಕೊಟ್ಟಾಗ ‘ಇಂಥವರು ಜಿಲ್ಲೆಯಲ್ಲಿ ಎಷ್ಟಿದ್ದಾರೆ’ ಎಂದು ಕೇಳಿದರು. ಸಭೆಯಲ್ಲಿ ಒಬ್ಬರು ಐನೂರು ಎಂದರು, ಮತ್ತೊಬ್ಬರು ಹತ್ತು ಸಾವಿರ ಎಂದರು. ರಾಷ್ಟ್ರೀಯ ಸಮೀಕ್ಷೆಯ ಶೇಕಡಾ ಲೆಕ್ಕವನ್ನು ನಮ್ಮ ಜನಸಂಖ್ಯೆಗೆ ಗುಣಿಸಿದರೆ ಸಾಕೇ? ಮನೆಮನೆ ಸಮೀಕ್ಷೆ ಮಾಡಬೇಕೇ? ಪೊಲೀಸರ ಪಟ್ಟಿ ಕೇಳಬೇಕೇ?

ಉತ್ತರ: ಐನೂರು ಎಂದವರೂ ಹತ್ತು ಸಾವಿರ ಎಂದವರೂ ಬಹುಶಃ ಬೇರೆ ಬೇರೆ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದ್ದಾರೆ. ಒಬ್ಬರ ಕಣ್ಣ ಮುಂದೆ ಮಾತ್ರೆ ಪುಡಿಮಾಡಿ ನರಕ್ಕೆ ಚುಚ್ಚಿಕೊಳ್ಳುವ ಹುಡುಗ ಇದ್ದಾನೆ. ಇನ್ನೊಬ್ಬರ ಕಣ್ಣ ಮುಂದೆ, ಸೊಂಟನೋವಿಗೆ ವೈದ್ಯರು ಐದು ದಿನಕ್ಕೆ ಬರೆದುಕೊಟ್ಟ ಮಾತ್ರೆಯನ್ನು ಐದು ತಿಂಗಳಿಂದ ನುಂಗುತ್ತಿರುವ ಗೃಹಿಣಿ ಇದ್ದಾರೆ. ಆದ್ದರಿಂದ ಎಣಿಸಲು ಹೊರಡುವ ಮೊದಲು ಯಾರನ್ನು ಎಣಿಸುತ್ತೇವೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಈ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ವಾಕ್ಯ ಇಲ್ಲದ್ದರಿಂದಲೇ ಆಗುತ್ತವೆ ಎಂಬುದು ನನ್ನ ಅನುಭವ.

ಆ ವಾಕ್ಯಕ್ಕೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಅಮೆರಿಕದ 2015ರ ರಾಷ್ಟ್ರೀಯ ಸಮೀಕ್ಷೆಯನ್ನು ನೋಡಿ. ಆ ಒಂದು ವರ್ಷದಲ್ಲಿ ವೈದ್ಯರು ಬರೆಯುವ ಒಪಿಯಾಯ್ಡ್ ಔಷಧವನ್ನು (ಅಫೀಮಿನಂತೆ ಕೆಲಸ ಮಾಡುವ ಔಷಧಗಳು; ನೀವು ಹೇಳಿದ ಟ್ರಮಡಾಲ್, ಟಪೆಂಟಡಾಲ್, ಕೋಡೀನ್ ಇವೇ) ಬಳಸಿದ ವಯಸ್ಕರು ಸುಮಾರು 9.18 ಕೋಟಿ. ದುರ್ಬಳಕೆ ಮಾಡಿಕೊಂಡವರು, ಅಂದರೆ ಚೀಟಿ ಇಲ್ಲದೆ, ಹೇಳಿದ್ದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಅಥವಾ ಹೆಚ್ಚು ಕಾಲ ತೆಗೆದುಕೊಂಡವರು ಸುಮಾರು 1.15 ಕೋಟಿ. ಬಳಕೆಯೇ ಕಾಯಿಲೆಯಾಗಿ ಪರಿಣಮಿಸಿದ್ದು ಸುಮಾರು 19 ಲಕ್ಷ ಮಂದಿಗೆ. ಒಂದೇ ದೇಶ, ಒಂದೇ ವರ್ಷ, ಒಂದೇ ಸಮೀಕ್ಷೆ. ಮೂರು ಉತ್ತರಗಳೂ ಸರಿ. ದುರ್ಬಳಕೆ ಮಾಡಿಕೊಂಡವರಲ್ಲಿ ಶೇ 63ರಷ್ಟು ಮಂದಿ ತಾವು ಮಾತ್ರೆ ನುಂಗಿದ್ದು ಮೈನೋವು ಕಳೆದುಕೊಳ್ಳಲು ಎಂದರು. ಅಮಲಿಗಾಗಿ ಎಂದವರು ಅದಕ್ಕಿಂತ ಕಡಿಮೆ. ಸೇವೆ ಯೋಜಿಸುವವರಿಗೆ ಇದು ದೊಡ್ಡ ಮಾತು. ಆ 1.15 ಕೋಟಿಯನ್ನು ಹಿಡಿದು ವ್ಯಸನಮುಕ್ತಿ ಕೇಂದ್ರಗಳನ್ನು ಕಟ್ಟಿದ್ದರೆ ಬಹುಪಾಲು ಜನರಿಗೆ ಬೇಕಿದ್ದದ್ದು ಅಲ್ಲಿ ಸಿಗುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ನೋವಿಗೆ ಸರಿಯಾದ ಚಿಕಿತ್ಸೆ.

ನಮ್ಮ ದೇಶದ ಲೆಕ್ಕಕ್ಕೆ ಬರೋಣ. ನೀವು ಹೇಳುತ್ತಿರುವ ರಾಷ್ಟ್ರೀಯ ಸಮೀಕ್ಷೆಯನ್ನು ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿತು. ವರದಿ 2019ರಲ್ಲಿ ಹೊರಬಂತು. ಎಲ್ಲ ರಾಜ್ಯಗಳಲ್ಲೂ ಕೇಂದ್ರಾಡಳಿತ ಪ್ರದೇಶಗಳಲ್ಲೂ ಎರಡು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿ, 10ರಿಂದ 75 ವರ್ಷದೊಳಗಿನ 4.73 ಲಕ್ಷ ಜನರನ್ನು ಮಾತನಾಡಿಸಿದರು. ಯಾವುದಾದರೂ ಒಂದು ಒಪಿಯಾಯ್ಡ್ ಬಳಸುವವರು ಶೇ 2.06, ಅಂದರೆ ಸುಮಾರು 2.26 ಕೋಟಿ. ಬಿಡಿಸಿ ನೋಡಿದರೆ ಹೆರಾಯಿನ್ ಶೇ 1.14, ಔಷಧ ರೂಪದ ಒಪಿಯಾಯ್ಡ್ ಶೇ 0.96, ಅಫೀಮು ಶೇ 0.52. ಈ ಮೂರನ್ನೂ ಕೂಡಿಸಿ ನೋಡಿ: 2.62 ಬರುತ್ತದೆ, 2.06 ಬರುವುದಿಲ್ಲ. ಇದು ಅಚ್ಚಿನ ತಪ್ಪು ಎಂದು ತರಬೇತಿಗಳಲ್ಲಿ ಹಲವರು ಹೇಳಿದ್ದನ್ನು ಕೇಳಿದ್ದೇನೆ. ತಪ್ಪಲ್ಲ; ಹೆರಾಯಿನ್ ಸಿಗದ ದಿನ ಮಾತ್ರೆ ನುಂಗುವವನು ಎರಡೂ ಸಾಲಿನಲ್ಲಿ ಕುಳಿತಿದ್ದಾನೆ. ನೀವು ‘ಮಾತ್ರೆಯವರು’ ಎಂದು ಒಂದು ಸಂಖ್ಯೆ, ‘ಹೆರಾಯಿನ್‌ನವರು’ ಎಂದು ಇನ್ನೊಂದು ಸಂಖ್ಯೆ ಕಂಡುಕೊಂಡು ಕೂಡಿಸಿದರೆ ಇಂಥವನಿಗೆ ಎರಡು ಹಾಸಿಗೆ ಹಾಕಿದಂತಾಗುತ್ತದೆ.

ಬಳಸುವವರೆಲ್ಲರೂ ಚಿಕಿತ್ಸೆಗೆ ಬರಬೇಕಾದವರಲ್ಲ. ಹಾನಿಕರ ಮಟ್ಟದ ಬಳಕೆ ಮತ್ತು ಅವಲಂಬನೆ ಎರಡನ್ನೂ ಸೇರಿಸಿ, ನೆರವು ಬೇಕಾದವರು ಶೇ 0.70, ಸುಮಾರು 77 ಲಕ್ಷ ಎಂದು ಅದೇ ವರದಿ ಹೇಳುತ್ತದೆ. ಅವಲಂಬನೆಯನ್ನಷ್ಟೇ ತೆಗೆದುಕೊಂಡರೆ ಶೇ 0.26. ನಿಮ್ಮ ಗೋಡೆಯ ಮೇಲಿನ ವಾಕ್ಯದಲ್ಲಿ ಇರಬೇಕಾದದ್ದು ಈ ಕೊನೆಯ ಗುಂಪು ಎಂದು ನನ್ನ ಸಲಹೆ: ‘ಕಳೆದ ಹನ್ನೆರಡು ತಿಂಗಳಲ್ಲಿ ಔಷಧ ರೂಪದ ಒಪಿಯಾಯ್ಡ್‌ಗೆ ಅವಲಂಬಿತರಾಗಿದ್ದವರು’. ಮಾತ್ರೆ ನಿಂತರೆ ಮೈಕೈ ಹಿಂಡಿದಂತಾಗಿ, ಕಣ್ಣು ಮೂಗಿನಲ್ಲಿ ನೀರು ಸುರಿದು, ನಿದ್ದೆ ಹಾರಿಹೋಗಿ, ಭೇದಿಯಾಗಿ, ಅದನ್ನು ತಡೆಯಲಾರದೆ ಮತ್ತೆ ಔಷಧ ಅಂಗಡಿಗೆ ಓಡುವವರು ಇವರು. ದಿನವೂ ಬಾಗಿಲು ತೆರೆದಿರುವ ಕೇಂದ್ರ ಬೇಕಾಗಿರುವುದು ಇವರಿಗೆ.

ಹಾಗಾದರೆ ಈ ಶೇಕಡಾ ಲೆಕ್ಕವನ್ನು ನಿಮ್ಮ ಜಿಲ್ಲೆಗೆ ಗುಣಿಸಬಹುದೇ? ದಯವಿಟ್ಟು ಅಷ್ಟಕ್ಕೇ ನಿಲ್ಲಿಸಬೇಡಿ. ಒಪಿಯಾಯ್ಡ್ ಬಳಕೆ ದೇಶದಲ್ಲಿ ಸಮನಾಗಿ ಹರಡಿಲ್ಲ. ಸಿಕ್ಕಿಂ, ಅರುಣಾಚಲ ಪ್ರದೇಶ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂಗಳಲ್ಲಿ ಬಳಸುವವರ ಪ್ರಮಾಣ ಶೇ 10ನ್ನು ಮೀರಿದೆ. ನೆರವು ಬೇಕಾದ 77 ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಉತ್ತರ ಪ್ರದೇಶ, ಪಂಜಾಬ್, ಹರಿಯಾಣ, ದೆಹಲಿ, ಮಹಾರಾಷ್ಟ್ರ, ರಾಜಸ್ಥಾನ, ಆಂಧ್ರಪ್ರದೇಶ, ಗುಜರಾತ್ ಎಂಬ ಎಂಟು ಕಡೆಗಳಲ್ಲಿದ್ದಾರೆ. ಆ ಪಟ್ಟಿಯಲ್ಲಿ ಕರ್ನಾಟಕ ಇಲ್ಲ. ಹಾಗೆಂದು ಸಮಾಧಾನಪಡುವಂತೆಯೂ ಇಲ್ಲ, ಏಕೆಂದರೆ ಸರಾಸರಿ ಕಡಿಮೆ ಇರುವ ಜಿಲ್ಲೆಯಲ್ಲೂ ಒಂದು ಬಸ್ ನಿಲ್ದಾಣದ ಸುತ್ತ, ಒಂದು ಕೈಗಾರಿಕಾ ಬಡಾವಣೆಯಲ್ಲಿ ಸಮಸ್ಯೆ ಹೆಪ್ಪುಗಟ್ಟಿರಬಹುದು.

ಇನ್ನೊಂದು ಕಾರಣವೂ ಇದೆ. ಆ ಸಮೀಕ್ಷೆಯ ಕ್ಷೇತ್ರಕಾರ್ಯ ನಡೆದದ್ದು 2017ರ ಡಿಸೆಂಬರ್‌ನಿಂದ 2018ರ ಅಕ್ಟೋಬರ್‌ವರೆಗೆ. ಟ್ರಮಡಾಲ್ ಅನ್ನು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ತಂದದ್ದು 2018ರ ಏಪ್ರಿಲ್‌ನಲ್ಲಿ, ಆ ಕ್ಷೇತ್ರಕಾರ್ಯದ ನಡುವೆಯೇ. ಒಂದು ಮಾತ್ರೆಗೆ ಬೀಗ ಬಿದ್ದಾಗ ಜನ ಪಕ್ಕದ ಬಾಗಿಲಿಗೆ ಹೋಗುತ್ತಾರೆ. ಟಪೆಂಟಡಾಲ್ ಹೆಸರು ನಮ್ಮ ಹೊರರೋಗಿ ವಿಭಾಗಗಳಲ್ಲಿ ಹೆಚ್ಚು ಹೆಚ್ಚು ಕೇಳಿಬರತೊಡಗಿದ್ದು ಆ ಬಳಿಕ. ರಾಷ್ಟ್ರೀಯ ಅಂಕಿಯನ್ನು ನಿಮ್ಮ ಅಂದಾಜು ತೀರಾ ದಾರಿತಪ್ಪಿದೆಯೇ ಎಂದು ಪರೀಕ್ಷಿಸುವ ಅಳತೆಗೋಲಾಗಿ ಮಾತ್ರ ಇಟ್ಟುಕೊಳ್ಳಿ.

ಮನೆಮನೆ ಸಮೀಕ್ಷೆಯ ವಿಷಯ. ಇದು ಅತ್ಯಂತ ಪ್ರಾಮಾಣಿಕ ದಾರಿಯಂತೆ ಕಾಣುತ್ತದೆ, ಸಭೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗುತ್ತದೆ, ಹಣವನ್ನೂ ಹೆಚ್ಚು ತಿನ್ನುತ್ತದೆ. ಲೆಕ್ಕ ಹಾಕಿ ನೋಡೋಣ. ನಿಮ್ಮ ಜಿಲ್ಲೆಯಲ್ಲಿ ಆ ವಯೋಮಾನದವರು 15 ಲಕ್ಷ ಇದ್ದಾರೆ ಎನ್ನಿ. ಆಶಾ ಕಾರ್ಯಕರ್ತೆಯರ ನೆರವಿನಿಂದ 2,000 ಜನರನ್ನು ಮಾತನಾಡಿಸಿದಿರಿ ಎನ್ನಿ. ನಿಜವಾದ ಪ್ರಮಾಣ ಶೇ 0.7 ಇದ್ದು, ಎಲ್ಲರೂ ನಿಜವನ್ನೇ ಹೇಳಿದರೂ ನಿಮಗೆ ಸಿಗುವವರು 14 ಮಂದಿ. ಆ 14ರ ಮೇಲೆ ನಿಂತು ಹೇಳಬಹುದಾದದ್ದು ಇಷ್ಟೇ: ಪ್ರಮಾಣ ಶೇ 0.33ರಿಂದ 1.07ರ ನಡುವೆ ಎಲ್ಲೋ ಇದೆ, ಅಂದರೆ ಜಿಲ್ಲೆಯಲ್ಲಿ 5,000ದಿಂದ 16,000 ಜನ. ಒಂದೇ ಓಣಿಯ ಮನೆಗಳು ಒಂದನ್ನೊಂದು ಹೋಲುವುದರಿಂದ ನಿಜವಾದ ಅನಿಶ್ಚಿತತೆ ಇನ್ನೂ ಅಗಲ. ಅಷ್ಟು ಹಣ ಸುರಿದು ನಿಮ್ಮ ಸಭೆಯ ವಾದ ಎಲ್ಲಿತ್ತೋ ಅಲ್ಲಿಯೇ ಉಳಿಯುತ್ತದೆ.

ಮತ್ತು ಎಲ್ಲರೂ ನಿಜ ಹೇಳುವುದಿಲ್ಲ. ಪಡಸಾಲೆಯಲ್ಲಿ ಮಗನನ್ನು ಕೂರಿಸಿಕೊಂಡು ‘ಮಾದಕ ವಸ್ತು ತೆಗೆದುಕೊಳ್ಳುತ್ತೀಯಾ’ ಎಂದು ಕೇಳುವಾಗ ಅಡುಗೆಮನೆಯ ಬಾಗಿಲಲ್ಲಿ ತಾಯಿ ನಿಂತಿರುತ್ತಾಳೆ. ಅವನು ಇಲ್ಲ ಎನ್ನುತ್ತಾನೆ. ಅವಳ ಮುಖ ಹೌದು ಎನ್ನುತ್ತದೆ. ನಮೂನೆಯಲ್ಲಿ ಇಲ್ಲ ಎಂದೇ ದಾಖಲಾಗುತ್ತದೆ. ಇಂಥ ಎಷ್ಟೋ ನಮೂನೆಗಳನ್ನು ಭರ್ತಿ ಮಾಡಿ ಮನೆಯಿಂದ ಹೊರಬಂದ ನೋವು ನನಗಿದೆ. ಅಷ್ಟೇ ಅಲ್ಲ, ಮನೆಗಳ ಪಟ್ಟಿಯಲ್ಲೇ ಇಲ್ಲದವರು ಬೇರೆ ಇದ್ದಾರೆ: ಹಾಸ್ಟೆಲ್‌ನವರು, ಲಾರಿಯಲ್ಲೇ ಮಲಗುವವರು, ಫುಟ್‌ಪಾತಿನವರು, ಜೈಲಿನಲ್ಲಿರುವವರು. ಅಮೆರಿಕದ ಮನೆ ಸಮೀಕ್ಷೆಯೂ ಜೈಲಿನವರನ್ನು, ಆಶ್ರಯತಾಣದ ಹೊರಗಿರುವ ನಿರ್ಗತಿಕರನ್ನು ಬಿಡುತ್ತದೆ. ಅಲ್ಲಿನ ಸಂಶೋಧಕರೇ ಅದರ ಅಂಕಿ ವಾಸ್ತವಕ್ಕಿಂತ ಬಹಳ ಕಡಿಮೆ ಎಂದು ಹಲವು ಬಾರಿ ತೋರಿಸಿದ್ದಾರೆ. ನಮ್ಮ ರಾಷ್ಟ್ರೀಯ ಸಮೀಕ್ಷೆ ಮಾಡಿದವರಿಗೆ ಇದು ಗೊತ್ತಿತ್ತು. ಆದ್ದರಿಂದಲೇ ಮನೆ ಸಮೀಕ್ಷೆಯ ಜೊತೆಗೆ 135 ಜಿಲ್ಲೆಗಳಲ್ಲಿ, ಮಾದಕ ವಸ್ತುಗಳಿಗೆ ಅವಲಂಬಿತರಾದ 72,642 ಮಂದಿಯನ್ನು ಅವರವರ ಪರಿಚಯದ ಕೊಂಡಿ ಹಿಡಿದು ಹುಡುಕಿ ಮಾತನಾಡಿಸಿದರು.

ನಿಮಗೆ ಹೊಂದುವ ದಾರಿ ಅದು. ಹೀಗೆ ಹುಡುಕಿದವರಿಂದ ಒಟ್ಟು ಸಂಖ್ಯೆ ಹೇಗೆ ಸಿಗುತ್ತದೆ ಎಂಬುದನ್ನು ನಾನು ಜಾತ್ರೆಯ ಉದಾಹರಣೆಯಿಂದ ವಿವರಿಸುತ್ತೇನೆ. ಜಾತ್ರೆಗೆ ಎಷ್ಟು ಜನ ಬಂದಿದ್ದರು ಎಂದು ತಿಳಿಯಬೇಕು. ಎಲ್ಲರನ್ನೂ ಎಣಿಸಲು ಆಗದು. ಆದರೆ ದಾಸೋಹದಲ್ಲಿ 2,000 ಎಲೆ ಹಾಕಿದ್ದಕ್ಕೆ ಲೆಕ್ಕವಿದೆ. ಜಾತ್ರೆಯ ತುಂಬ ಅಡ್ಡಾಡಿ ನೂರು ಜನರನ್ನು ‘ದಾಸೋಹದಲ್ಲಿ ಉಂಡಿರಾ’ ಎಂದು ಕೇಳಿದಿರಿ. 20 ಮಂದಿ ಹೌದು ಎಂದರು. ಅಂದರೆ ಉಂಡವರು ಐದರಲ್ಲಿ ಒಂದು ಪಾಲು, ಆ ಪಾಲು 2,000; ಜಾತ್ರೆಗೆ ಬಂದವರು ಸುಮಾರು 10,000. ದಾಸೋಹದ ಜಾಗದಲ್ಲಿ ಚಿಕಿತ್ಸಾ ಕೇಂದ್ರವನ್ನು, ಎಲೆಯ ಲೆಕ್ಕದ ಜಾಗದಲ್ಲಿ ನೋಂದಣಿ ಪುಸ್ತಕವನ್ನು ಇಟ್ಟರೆ ಮುಗಿಯಿತು.

ಈ ವಿಧಾನ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನೂ ಅದೇ ಜಾತ್ರೆ ಹೇಳುತ್ತದೆ. ಒಬ್ಬನೇ ಎರಡು ಬಾರಿ ಕುಳಿತು ಉಂಡಿದ್ದರೆ ಎಲೆಯ ಲೆಕ್ಕ ಜನರ ಲೆಕ್ಕವಲ್ಲ. ನಿಮ್ಮ ಆಸ್ಪತ್ರೆಯ ಪುಸ್ತಕದಲ್ಲಿ ಭೇಟಿಗಳಿರುತ್ತವೆ, ನಿಮಗೆ ಬೇಕಾದದ್ದು ವ್ಯಕ್ತಿಗಳು. ದಾಸೋಹದ ಬಾಗಿಲಲ್ಲೇ ನಿಂತು ಕೇಳಿದರೆ ಎಲ್ಲರೂ ಉಂಡವರೇ ಸಿಗುತ್ತಾರೆ; ಕೇಂದ್ರಕ್ಕೆ ಬಂದವರನ್ನೇ ಮೊದಲ ಕೊಂಡಿಯಾಗಿ ಹಿಡಿದು ಸಮೀಕ್ಷೆ ಮಾಡಿದರೆ ಚಿಕಿತ್ಸೆ ಪಡೆದವರ ಪಾಲು ಉಬ್ಬಿ, ಒಟ್ಟು ಅಂದಾಜು ಕುಗ್ಗುತ್ತದೆ. ಪಕ್ಕದ ಊರಿನ ದಾಸೋಹದಲ್ಲಿ ಉಂಡವನೂ ಹೌದು ಎನ್ನಬಹುದು. ಆದ್ದರಿಂದ ಕೇಂದ್ರದ ಹೆಸರು, ಅವಧಿ, ತಾಲ್ಲೂಕು ಎರಡೂ ಕಡೆ ಅಕ್ಷರಶಃ ಒಂದೇ ಇರಬೇಕು. ‘ಚಿಕಿತ್ಸೆ ಪಡೆದಿದ್ದೀರಾ’ ಎಂದು ಕೇಳಬೇಡಿ, ‘ಕಳೆದ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ ಈ ಮೂರು ಕೇಂದ್ರಗಳಲ್ಲಿ ಯಾವುದಕ್ಕಾದರೂ ಹೋಗಿದ್ದಿರಾ’ ಎಂದು ಕೇಳಿ.

ಪಂಜಾಬ್ 2015ರಲ್ಲಿ ಮಾಡಿದ್ದು ಇದನ್ನೇ, ಮತ್ತು ಆ ಕಥೆ ನಿಮ್ಮ ಸಭೆಗೆ ಹೇಳುವಂಥದ್ದು. ಅಲ್ಲಿನ ಯುವಜನರಲ್ಲಿ ನೂರಕ್ಕೆ 70 ಮಂದಿ ವ್ಯಸನಿಗಳು ಎಂಬ ಮಾತು 2012ರಿಂದ ರಾಜಕೀಯ ಭಾಷಣಗಳಲ್ಲಿ ಓಡಾಡುತ್ತಿತ್ತು. ಒಂದು ಕಡೆಯವರು ಅದನ್ನು ಕೂಗಿ ಹೇಳುತ್ತಿದ್ದರು, ಇನ್ನೊಂದು ಕಡೆಯವರು ಸಮಸ್ಯೆಯೇ ಇಲ್ಲವೆನ್ನುತ್ತಿದ್ದರು. ನಡುವೆ ಚಿಕಿತ್ಸೆ ಬೇಕಾದವರು ನಿಂತಿದ್ದರು. ಆಗ ಒಂದು ಸ್ವಯಂಸೇವಾ ಸಂಸ್ಥೆ ಮತ್ತು ಏಮ್ಸ್‌ನ ತಂಡ ಹತ್ತು ಜಿಲ್ಲೆಗಳಲ್ಲಿ 3,620 ಅವಲಂಬಿತರನ್ನು ಕೊಂಡಿ ಹಿಡಿದು ಹುಡುಕಿ, ಕೇಂದ್ರಗಳ ದಾಖಲೆಯೊಂದಿಗೆ ಹೊಂದಿಸಿ ಲೆಕ್ಕ ಹಾಕಿತು. ಬಂದ ಅಂದಾಜು 2,32,856. ಪಂಜಾಬಿನ 2.77 ಕೋಟಿ ಜನಸಂಖ್ಯೆಯಲ್ಲಿ ಇದು ಶೇ 1ಕ್ಕಿಂತ ಕಡಿಮೆ. ನೂರಕ್ಕೆ 70 ಎಲ್ಲಿ, ಇದೆಲ್ಲಿ! ಆದರೂ ಎರಡು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ನಿತ್ಯ ನರಕವಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾಗದ ಅಂಕಿ ಅದು. ಅವರಲ್ಲಿ ಹೆರಾಯಿನ್‌ನವರು ಶೇ 53, ಅಫೀಮು ಮತ್ತು ಗಸಗಸೆ ಸಿಪ್ಪೆಯವರು ಶೇ 33, ಔಷಧ ರೂಪದ ಒಪಿಯಾಯ್ಡ್‌ನವರು ಶೇ 14. ಹದಿನಾಲ್ಕನ್ನು ಗುಣಿಸಿದರೆ ಸುಮಾರು 33,000 ಮಂದಿ. ಬಿಡಲು ಪ್ರಯತ್ನಿಸಿದವರು ಶೇ 80ಕ್ಕೂ ಹೆಚ್ಚು; ನೆರವು ಸಿಕ್ಕಿದ್ದು ಅದಕ್ಕಿಂತ ತೀರಾ ಕಡಿಮೆ ಜನರಿಗೆ. ಬಿಡುವ ಮನಸ್ಸು ಅವರಿಗಿಲ್ಲ ಎಂಬ ಮಾತನ್ನು ನಿಮ್ಮ ಸಭೆಯಲ್ಲಿ ಯಾರಾದರೂ ಎತ್ತಿದರೆ ಈ ಸಾಲನ್ನು ಓದಿ ಹೇಳಿ. 2017ರ ಅಕ್ಟೋಬರ್‌ನಲ್ಲಿ ಪಂಜಾಬ್ ಸರ್ಕಾರ ಬ್ಯುಪ್ರಿನಾರ್ಫಿನ್–ನಲಾಕ್ಸೋನ್ (ಮಾದಕ ವಸ್ತು ನಿಂತಾಗಿನ ಸಂಕಟ ತಡೆಯಲು ವೈದ್ಯರ ನಿಗಾದಲ್ಲಿ ಕೊಡುವ ಬದಲಿ ಔಷಧ) ಕೊಡುವ ಹೊರರೋಗಿ ಕೇಂದ್ರಗಳನ್ನು ಆರಂಭಿಸಿತು.

ನಿಮ್ಮ ಜಿಲ್ಲೆಗೆ ಇದನ್ನು ಇಳಿಸೋಣ. ಅಂಕಿಗಳು ಕೇವಲ ಉದಾಹರಣೆಗೆ. ಕಳೆದ ವರ್ಷ ಸರ್ಕಾರಿ ಮತ್ತು ಖಾಸಗಿ ಕೇಂದ್ರಗಳಲ್ಲಿ ಈ ಕಾರಣಕ್ಕೆ ಚಿಕಿತ್ಸೆ ಪಡೆದ ಬೇರೆ ಬೇರೆ ವ್ಯಕ್ತಿಗಳು 240. ಪರಸ್ಪರ ಸಂಬಂಧವಿಲ್ಲದ ಆರೆಂಟು ಮಂದಿಯಿಂದ ಆರಂಭಿಸಿ, ಪ್ರತಿಯೊಬ್ಬರಿಗೆ ಮೂರು ಕೂಪನ್ ಕೊಟ್ಟು, ಅವರು ಕರೆತಂದವರಿಗೆ ಮತ್ತೆ ಮೂರು ಕೊಟ್ಟು, ಹೀಗೆ 300 ಅವಲಂಬಿತರನ್ನು ಮಾತನಾಡಿಸಿದಿರಿ. ಅವರಲ್ಲಿ 24 ಮಂದಿ, ಅಂದರೆ ಶೇ 8ರಷ್ಟು, ಕಳೆದ ವರ್ಷ ಆ ಕೇಂದ್ರಗಳಿಗೆ ಹೋಗಿದ್ದೆವು ಎಂದರು. 240 ಎಂಬುದು ಶೇ 8 ಆದರೆ ಒಟ್ಟು 3,000. ಇಲ್ಲಿಗೆ ನಿಲ್ಲಬೇಡಿ. ಗೆಳೆಯ ಗೆಳೆಯನನ್ನೇ ಕರೆತರುವುದರಿಂದ 300 ಜನರ ಮಾತಿಗೆ 150 ಜನರ ಮಾತಿನಷ್ಟೇ ತೂಕ ಇರುತ್ತದೆ ಎಂದು ಎಚ್ಚರದಿಂದ ಹಿಡಿದರೆ, ಆ ಶೇ 8 ನಿಜವಾಗಿ 3.7ರಿಂದ 12.3ರವರೆಗೆ ಎಲ್ಲಿಯಾದರೂ ಇರಬಹುದು. ಅಂದರೆ ಒಟ್ಟು 2,000ದಿಂದ 6,500. ವರದಿಯಲ್ಲಿ ಬರೆಯಬೇಕಾದ ಉತ್ತರ ಈ ಅಗಲವೇ. 3,000 ಎಂಬ ಒಂಟಿ ಅಂಕಿಯನ್ನು ಬರೆದರೆ ಮುಂದಿನ ವರ್ಷ ಇನ್ನೊಬ್ಬರು 4,000 ಎಂದು ಕಂಡುಕೊಂಡಾಗ ‘ಸಾವಿರ ವ್ಯಸನಿಗಳು ಹೆಚ್ಚಾದರು’ ಎಂದು ಪತ್ರಿಕೆಯಲ್ಲಿ ಬರುತ್ತದೆ, ಹೆಚ್ಚಾಗಿರುವುದೇ ಇಲ್ಲ.

ಎರಡು ಪಟ್ಟಿಗಳನ್ನು ಹೋಲಿಸುವ ಇನ್ನೊಂದು ವಿಧಾನವಿದೆ. ಕೆರೆಯ ಮೀನು ಹಿಡಿದು ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿದಾಗ ಗುರುತಿನ ಮೀನು ಎಷ್ಟು ಸಿಕ್ಕವು ಎಂದು ನೋಡುವ ಲೆಕ್ಕವೇ ಇದು. ಆಸ್ಪತ್ರೆಯ ಪಟ್ಟಿಯಲ್ಲಿ 200, ಕ್ಷೇತ್ರದಲ್ಲಿ ಕೆಲಸ ಮಾಡುವ ಸಂಸ್ಥೆಯ ಪಟ್ಟಿಯಲ್ಲಿ 150, ಎರಡರಲ್ಲೂ ಇರುವವರು 12 ಎಂದಾದರೆ, 200ನ್ನು 150ರಿಂದ ಗುಣಿಸಿ 12ರಿಂದ ಭಾಗಿಸಿದರೆ 2,500. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಹಲವು ಸರ್ಕಾರಿ ದಾಖಲೆಗಳನ್ನು ಜೋಡಿಸಿ ಹೀಗೆ ಲೆಕ್ಕ ಹಾಕಿದಾಗ, ಒಪಿಯಾಯ್ಡ್ ಕಾಯಿಲೆ ಇರುವವರು 2011ರಲ್ಲಿ ಶೇ 2.72, 2015ರಲ್ಲಿ ಶೇ 4.60 ಎಂದು ಕಂಡಿತು. ಮನೆ ಸಮೀಕ್ಷೆಗಳು ಹೇಳುತ್ತಿದ್ದದ್ದಕ್ಕಿಂತ ಹಲವು ಪಟ್ಟು. ಆದರೆ ಈ ಲೆಕ್ಕಕ್ಕೆ ಎರಡು ಪಟ್ಟಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿರಬೇಕು. ಸಂಸ್ಥೆಯೇ ತನ್ನವರನ್ನು ಆಸ್ಪತ್ರೆಗೆ ಕಳುಹಿಸುತ್ತಿದ್ದರೆ ಎರಡು ಪಟ್ಟಿಗಳಲ್ಲೂ ಇರುವವರು ಹೆಚ್ಚಾಗಿ ಅಂದಾಜು ಕುಗ್ಗುತ್ತದೆ. ನಮ್ಮಲ್ಲಿ ಹೆಸರು ಹೊಂದಿಸುವುದೂ ಸುಲಭವಲ್ಲ. ಒಂದು ಪುಸ್ತಕದಲ್ಲಿ ಬಸವರಾಜ, ಇನ್ನೊಂದರಲ್ಲಿ ಬಸಪ್ಪ. ಒಂದರಲ್ಲಿ ಮನೆತನದ ಹೆಸರು, ಇನ್ನೊಂದರಲ್ಲಿ ಊರಿನ ಹೆಸರು. ಹೊಂದಾಣಿಕೆ ಆರು ತಪ್ಪಿದರೆ 12 ಇದ್ದದ್ದು 6 ಆಗಿ, 2,500 ಇದ್ದದ್ದು 5,000 ಆಗುತ್ತದೆ. ನಿಮ್ಮಲ್ಲಿ ದಾಖಲೆಗಳು ಅಷ್ಟು ಶಿಸ್ತಾಗಿಲ್ಲದಿದ್ದರೆ ಇದನ್ನು ಸದ್ಯಕ್ಕೆ ಬಿಡಿ.

ಈಗ, ಹೆರಾಯಿನ್ ಲೆಕ್ಕಕ್ಕೂ ಚೀಟಿಯ ಔಷಧದ ಲೆಕ್ಕಕ್ಕೂ ಇರುವ ದೊಡ್ಡ ವ್ಯತ್ಯಾಸಕ್ಕೆ ಬರುತ್ತೇನೆ. ಕೂಪನ್ ಹಿಡಿದು ಬರುವವರು ಒಬ್ಬರನ್ನೊಬ್ಬರು ಬಲ್ಲವರು: ಒಟ್ಟಿಗೆ ಕೊಳ್ಳುವವರು, ಒಟ್ಟಿಗೆ ಕುಳಿತು ತೆಗೆದುಕೊಳ್ಳುವವರು. ನಾನು ಮೊದಲು ಹೇಳಿದ ಸೊಂಟನೋವಿನ ಗೃಹಿಣಿಗೆ ಅಂಥ ಬಳಗವಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಮಾತ್ರೆ ಬಿಡಲಾಗದ ನಿವೃತ್ತ ನೌಕರನಿಗೆ, ರಾತ್ರಿ ಪಾಳಿಯ ಆಯಾಸಕ್ಕೆ ವಾರ್ಡಿನ ಇಂಜೆಕ್ಷನ್ ಬಳಸತೊಡಗಿದ ಆಸ್ಪತ್ರೆ ಸಿಬ್ಬಂದಿಗೆ ತನ್ನಂತೆ ಇನ್ನೊಬ್ಬರಿದ್ದಾರೆ ಎಂಬುದೇ ಗೊತ್ತಿರುವುದಿಲ್ಲ. ಯಾವ ಕೂಪನ್ನೂ ಅವರ ಮನೆ ಮುಟ್ಟದು. ಪಂಜಾಬಿನ ಸಮೀಕ್ಷೆಯಲ್ಲಿ ಸಿಕ್ಕವರು ಹೆಚ್ಚುಕಡಿಮೆ ಎಲ್ಲರೂ ಗಂಡಸರೇ ಎಂಬುದನ್ನು ನೋಡುವಾಗ, ಸಿಗದೆ ಉಳಿದ ಹೆಂಗಸರ ನೆನಪು ಇರಲಿ.

ಇವರಿಗೆ ಬೇರೆ ಎಣಿಕೆ ಬೇಕು. ಮೂಳೆ ಮತ್ತು ನೋವು ಚಿಕಿತ್ಸೆಯ ಹೊರರೋಗಿ ವಿಭಾಗಗಳಲ್ಲಿ ಎರಡು ವಾರ, ಬಂದ ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ ಕೇಳಿ: ಈ ಮಾತ್ರೆ ಎಷ್ಟು ದಿನದಿಂದ, ಹೇಳಿದ್ದಕ್ಕಿಂತ ಹೆಚ್ಚು ತೆಗೆದುಕೊಂಡದ್ದುಂಟೇ, ನಿಲ್ಲಿಸಿದಾಗ ಏನಾಯಿತು. ಬರುವ ಸಂಖ್ಯೆಯನ್ನು ಮೊದಲಿನ 3,000ಕ್ಕೆ ಕೂಡಿಸದೆ ಪಕ್ಕದಲ್ಲೇ ಪ್ರತ್ಯೇಕವಾಗಿಡಿ. ಅವರು ಬರುವ ಬಾಗಿಲೂ ಬೇರೆ. ‘ವ್ಯಸನಮುಕ್ತಿ’ ಎಂಬ ಫಲಕದ ಕೆಳಗೆ ಅವರು ಕಾಲಿಡುವುದಿಲ್ಲ, ನೋವಿನ ಚಿಕಿತ್ಸೆಯ ಕೋಣೆಗೆ ಬರುತ್ತಾರೆ. ಮತ್ತೊಂದು ಕೋರಿಕೆ: ಕ್ಯಾನ್ಸರ್ ನೋವಿಗೆ ವೈದ್ಯರ ನಿಗಾದಲ್ಲಿ ಮಾರ್ಫಿನ್ ತೆಗೆದುಕೊಳ್ಳುವವರನ್ನು ಯಾವ ಕಾರಣಕ್ಕೂ ಈ ಎಣಿಕೆಗೆ ಸೇರಿಸಬೇಡಿ. ಅವರಿಗೆ ಆ ಔಷಧ ಸುಲಭವಾಗಿ ಸಿಗಲಿ ಎಂದೇ 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದರು. ಅಂಕಿಯ ಗದ್ದಲದಲ್ಲಿ ಅವರ ಔಷಧ ನಿಂತರೆ ನಾವು ಮಾಡಿದ ಲೆಕ್ಕವೇ ಅವರಿಗೆ ಹಿಂಸೆಯಾಗುತ್ತದೆ.

ಔಷಧ ಅಂಗಡಿಗಳ ಮಾರಾಟದ ಲೆಕ್ಕದಿಂದ ಉತ್ತರ ಸಿಗುವುದೇ ಎಂದು ನೀವು ಕೇಳಿಲ್ಲ, ಆದರೆ ಸಭೆಯಲ್ಲಿ ಯಾರಾದರೂ ಕೇಳುತ್ತಾರೆ. ಎಚ್1 ಪಟ್ಟಿಯ, ಅಂದರೆ ಚೀಟಿ ಇಲ್ಲದೆ ಮಾರಬಾರದ, ಹೆಚ್ಚು ನಿಗಾ ಬೇಕಾದ ಔಷಧಗಳಿಗೆ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಬರೆದ ಪ್ರತ್ಯೇಕ ಪುಸ್ತಕವನ್ನು ಮೂರು ವರ್ಷ ಇಡಬೇಕೆಂಬ ನಿಯಮವಿದೆ. ಆದರೆ ಹಿಂಬಾಗಿಲಿನಿಂದ ಹೋದದ್ದು ಆ ಪುಸ್ತಕದಲ್ಲಿ ಇರುವುದಿಲ್ಲ. ಯಾವ ತಾಲ್ಲೂಕಿನಲ್ಲಿ ಏರಿಕೆ ಕಾಣುತ್ತಿದೆ ಎಂದು ತಿಳಿಯಲು, ಸಮೀಕ್ಷೆ ಎಲ್ಲಿಂದ ಆರಂಭಿಸಬೇಕೆಂದು ತೀರ್ಮಾನಿಸಲು ಅದು ಸಾಕು. ತಲೆ ಎಣಿಸಲು ಸಾಲದು. ನಿಮ್ಹಾನ್ಸ್ ಸಮನ್ವಯದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಬರುವ ಕರೆಗಳೂ ಹಾಗೆಯೇ ಗಾಳಿಯ ದಿಕ್ಕು ತೋರಿಸುತ್ತವೆ.

ಪೊಲೀಸರ ಪಟ್ಟಿಯ ಪ್ರಶ್ನೆಗೆ ನನ್ನ ಉತ್ತರ ಒಂದೇ: ಹೆಸರುಗಳಿರುವ ಪಟ್ಟಿ ಬೇಡ, ಕೊಟ್ಟರೂ ತೆಗೆದುಕೊಳ್ಳಬೇಡಿ. ತಾಲ್ಲೂಕುವಾರು, ವಯಸ್ಸಿನವಾರು ಒಟ್ಟು ಸಂಖ್ಯೆ ಸಾಕು. ನಿಮ್ಮ ಪಟ್ಟಿಯನ್ನಂತೂ ಅತ್ತ ಕಳುಹಿಸಲೇಬೇಡಿ. ಸಮೀಕ್ಷೆಗೆ ಬಂದ ಒಬ್ಬ ಹುಡುಗನ ಮನೆಗೆ ಮರುವಾರ ಪೊಲೀಸರು ಹೋದರೆ, ಅದಕ್ಕೂ ಸಮೀಕ್ಷೆಗೂ ಸಂಬಂಧವೇ ಇಲ್ಲದಿದ್ದರೂ, ಆ ಊರಿನಲ್ಲಿ ನಿಮ್ಮ ಕೂಪನ್ ಮತ್ತೆ ಯಾರೂ ಹಿಡಿಯುವುದಿಲ್ಲ, ನಿಮ್ಮ ಕೇಂದ್ರಕ್ಕೂ ಯಾರೂ ಬರುವುದಿಲ್ಲ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ವಿಧಿಯೇ ರಕ್ಷಣೆ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕು ಎಂದಿದೆ. ಸಮೀಕ್ಷೆಯಲ್ಲಿ ಹೆಸರಿನ ಬದಲು ಸಂಕೇತ ಸಾಕು: ಹೆಸರಿನ ಮೊದಲ ಎರಡಕ್ಷರ, ತಾಯಿಯ ಹೆಸರಿನ ಮೊದಲಕ್ಷರ, ಹುಟ್ಟಿದ ವರ್ಷ.

ಕೊನೆಗೆ ಸಂಖ್ಯೆಯಿಂದ ಸೇವೆಗೆ. 2,000ದಿಂದ 6,500 ಎಂಬಷ್ಟು ಅಗಲದ ಅಂದಾಜಿನಿಂದ ಏನು ಯೋಜಿಸುವುದು ಎಂದು ನಿಮ್ಮ ಮೇಲಧಿಕಾರಿಗಳು ಕೇಳಬಹುದು. ಅವಲಂಬಿತರಲ್ಲಿ ಶೇ 20ಕ್ಕಿಂತ ಕಡಿಮೆ ಮಂದಿಗೆ ಬದಲಿ ಔಷಧ ಚಿಕಿತ್ಸೆ ತಲುಪಿದರೆ ಅದು ಕಡಿಮೆ, ಶೇ 40 ದಾಟಿದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸಹಸಂಸ್ಥೆಗಳ ಅಳತೆ. 3,000ದ ಶೇ 20, ಅಂದರೆ 600 ಜನರಿಗೆ ಜಾಗ ಮಾಡಿ ಆರಂಭಿಸಿ. ವಾಸ್ತವ 2,000 ಮಾತ್ರ ಇದ್ದರೂ 600 ಎಂದರೆ ಶೇ 30. ಒಂದು ಜಾಗವೂ ವ್ಯರ್ಥವಲ್ಲ. ವಾಸ್ತವ 6,500 ಇದ್ದರೆ ಶೇ 9ರಷ್ಟೇ; ಬೇಗ ಹಿಗ್ಗಿಸಬೇಕು ಎಂದು ಬಾಗಿಲಿನ ಸಾಲೇ ಹೇಳುತ್ತದೆ. ಅಂದಾಜಿನ ಯಾವ ತುದಿ ನಿಜವಾದರೂ ಮೊದಲ ಹೆಜ್ಜೆ ಒಂದೇ ಆಗಿರುವಾಗ ಇನ್ನೊಂದು ಸಮೀಕ್ಷೆಗಾಗಿ ಕಾಯುವುದು ಅನ್ಯಾಯ. 600 ಮಂದಿ ಸರಾಸರಿ ತಿಂಗಳಿಗೆ ಎರಡು ಬಾರಿ ಬಂದರೆ 1,200 ಭೇಟಿ. 24 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 50. ಒಬ್ಬ ವೈದ್ಯರು, ಒಬ್ಬ ನರ್ಸ್, ಇಬ್ಬರು ಆಪ್ತಸಮಾಲೋಚಕರು ಇಲ್ಲದೆ ಇದು ಸಾಗದು. ಎರಡು ತಾಲ್ಲೂಕುಗಳಿಗೆ ಹಂಚಿದರೆ ಬಸ್ ಚಾರ್ಜ್ ಇಲ್ಲದೆ ಚಿಕಿತ್ಸೆ ಬಿಡುವವರು ಕಡಿಮೆಯಾಗುತ್ತಾರೆ.

ಪ್ರಸ್ತಾವದಲ್ಲಿ ಹಾಸಿಗೆಗಳನ್ನಷ್ಟೇ ಕೇಳಿದ್ದರೆ ಅದನ್ನು ಬದಲಿಸಿ. ಒಪಿಯಾಯ್ಡ್ ಅವಲಂಬನೆಯ ಚಿಕಿತ್ಸೆ ಬಹುಪಾಲು ಹೊರರೋಗಿ ಚಿಕಿತ್ಸೆ, ತಿಂಗಳು ವರ್ಷಗಟ್ಟಲೆ ನಡೆಯುವಂಥದ್ದು. ಹದಿನೈದು ದಿನ ಒಳಗಿಟ್ಟು ಮಾತ್ರೆ ಬಿಡಿಸಿ ಕಳುಹಿಸಿದರೆ ದೇಹದ ತಡೆಯುವ ಶಕ್ತಿ ಇಳಿದಿರುತ್ತದೆ. ಹೊರಗೆ ಹೋಗಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡವನು ಉಸಿರು ನಿಂತು ಸಾಯಬಹುದು. ಅಂದ ಹಾಗೆ, ಕೇಂದ್ರ ತೆರೆದ ಮೇಲೆ ಮುಂದಿನ ಎಣಿಕೆಯಲ್ಲಿ ಬ್ಯುಪ್ರಿನಾರ್ಫಿನ್ ಬಗ್ಗೆ ಕೇಳುವಾಗ ‘ಕೇಂದ್ರದಿಂದಲೋ, ಹೊರಗಿನಿಂದಲೋ’ ಎಂದು ಬಿಡಿಸಿ ಕೇಳಿ. ಇಲ್ಲದಿದ್ದರೆ ಚಿಕಿತ್ಸೆಯಲ್ಲಿರುವವನೇ ದುರ್ಬಳಕೆದಾರನಾಗಿ ದಾಖಲಾಗುತ್ತಾನೆ. ಎರಡು ವರ್ಷಕ್ಕೊಮ್ಮೆ ಅದೇ ಪ್ರಶ್ನೆ, ಅದೇ ತಾಲ್ಲೂಕುಗಳು, ಅದೇ ವಿಧಾನದಲ್ಲಿ ಎಣಿಕೆಯನ್ನು ಮತ್ತೆ ಮಾಡಿ. ಆಗ ನಿಮ್ಮ ಕೇಂದ್ರಕ್ಕೆ ಹೋಗಿದ್ದೆವು ಎನ್ನುವವರು 300ರಲ್ಲಿ 24 ಇದ್ದದ್ದು 60 ಆಗಿದೆಯೇ ಎಂಬುದನ್ನು ಮೊದಲು ನೋಡಿ.